ಆಕಾಶದಾಗ ಹತ್ತು ನಿಮಿಷ, ನೆಲದ ಮ್ಯಾಲ ಒಂದು ತಾಸು

ಈ ಕಡೆ ಬೆಳಗಾವಿಯ ಸಾಂಬ್ರಾ, ಆ ಕಡೆ ಕೊಲ್ಹಾಪುರದ ಉಜಳಾಯಿವಾಡಿ. ನಡುವೆ ಗಾಳಿಯಲ್ಲಿ ಸುಮಾರು 96 ಕಿಲೋಮೀಟರ್. ಎರಡೆರಡು ವಿಮಾನ ನಿಲ್ದಾಣಗಳ ನಡುವೆ ಇದ್ದೂ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಪ್ರಯಾಣಿಕರ ಹೊತ್ತೆಲ್ಲ ವಿಮಾನ ಹತ್ತುವ ಮೊದಲೇ ಕಳೆದುಹೋಗುತ್ತದೆ. ಆ ಹೊತ್ತು ಎಲ್ಲಿ ಸೋರುತ್ತಿದೆ?

ಡಿಸೆಂಬರ್ ತಿಂಗಳ ನಸುಕು. ಕಾಗವಾಡದ ಹೊರಗೆ ರಸ್ತೆ ತುಂಬ ಮಂಜು. ಎರಡು ಟ್ರೇಲರ್ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್ ಮುಂದೆ ತೇಕುತ್ತಾ ಸಾಗಿದೆ. ಕಬ್ಬಿನ ಸೋಗೆ ಎರಡೂ ಬದಿ ಚಾಚಿ ಅರ್ಧ ರಸ್ತೆಯನ್ನು ನುಂಗಿದೆ. ಹಿಂದೆ ಒಂದು ಬಾಡಿಗೆ ಕಾರು. ಡ್ರೈವರ್ ಹಾರ್ನ್ ಹೊಡೆಯುತ್ತಾನೆ. ಟ್ರ್ಯಾಕ್ಟರಿನ ಟೇಪಿನ ಹಾಡಿನ ಅಬ್ಬರದಲ್ಲಿ ಅದು ಯಾರಿಗೂ ಕೇಳಿಸುವುದಿಲ್ಲ.

"ಕಾಕಾ, ಈ ಹಂಗಾಮಿನ್ಯಾಗ ಬೆಳಗಾವಿ ಹಾದಿ ಹಿಡದ್ರ ಮೂರು ತಾಸು ಎಲ್ಲೂ ಹೋಗಂಗಿಲ್ಲ. ಕೊಲ್ಲಾಪುರದಿಂದನ ತಿಕೀಟ ತಗೋಬೇಕಾಗಿತ್ತು ನೋಡ್ರಿ."

"ಅಲ್ಲೋ ತಮ್ಮಾ, ಕೊಲ್ಲಾಪುರದ ವಿಮಾನ ಬೆಂಗಳೂರಿಗೆ ದೂರ ಆಕ್ಕೈತಲ್ಲ?"

ಈ ಮಾತು ಒಂದು ಕಾರಿನದಲ್ಲ. ಮಗಳು ಬೆಂಗಳೂರಿನ ಕಂಪನಿಯಲ್ಲಿ, ಮಗ ಹೈದರಾಬಾದಿನಲ್ಲಿ, ತಮ್ಮ ದುಬೈಯಲ್ಲಿ ಇರುವ ಮನೆಗಳು ಈ ಐದೂ ತಾಲ್ಲೂಕುಗಳಲ್ಲಿ ಈಗ ಬೇಕಾದಷ್ಟಿವೆ. ಟಿಕೆಟ್ ತೆಗೆಸುವ ದಿನ ಅಂಥ ಪ್ರತಿ ಮನೆಯಲ್ಲೂ ಇದೇ ಚರ್ಚೆ ಏಳುತ್ತದೆ: ಯಾವ ನಿಲ್ದಾಣ ಹತ್ತಿರ, ಯಾವುದು ದೂರ?

ವಿಮಾನ ಕಂಪನಿಗಳು ಅಕ್ಟೋಬರಿನ ಕೊನೆಯ ಭಾನುವಾರ ಚಳಿಗಾಲದ ವೇಳಾಪಟ್ಟಿಗೆ ಬದಲಾಗುತ್ತವೆ. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಕಾರ್ಖಾನೆಗಳು ಕಬ್ಬು ನುರಿಸಲು ಶುರುಮಾಡುತ್ತವೆ. ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದ ಅಧಿವೇಶನ ಬೇರೆ. ವರ್ಷದಲ್ಲಿ ಈ ಪ್ರಶ್ನೆಗೆ ಬಿಸಿ ಏರುವುದು ಇದೇ ಕಾಲದಲ್ಲಿ.

ಗೆರೆ ಎಳೆದು ನೋಡೋಣ

ನಕ್ಷೆಯ ಮೇಲೆ ಸಾಂಬ್ರಾದ ರನ್‌ವೇಯಿಂದ ಉಜಳಾಯಿವಾಡಿಯ ರನ್‌ವೇವರೆಗೆ ನೇರ ಗೆರೆ ಎಳೆಯಿರಿ. ಉದ್ದ ಸುಮಾರು 96 ಕಿ.ಮೀ. ಪೈಲಟ್‌ಗಳ ಲೆಕ್ಕದಲ್ಲಿ 52 ನಾಟಿಕಲ್ ಮೈಲು.

ಆ ಗೆರೆ ಹಾಯುವ ದಾರಿ ನೋಡಿದರೆ ಬೆರಗಾಗುತ್ತದೆ. ಅದರ ನಟ್ಟನಡುವಿನ ಬಿಂದು ಬೀಳುವುದು ಸಂಕೇಶ್ವರದ ಪಕ್ಕದಲ್ಲೇ. ಮೆಣಸಿನಕಾಯಿಗೆ ಹೆಸರಾದ, ಹಿರಣ್ಯಕೇಶಿ ದಂಡೆಯ ಊರು ಅದು. ಅಲ್ಲಿಂದ ಮುಂದೆ ಗೆರೆ ತಂಬಾಕಿನ ಪೇಟೆ ನಿಪ್ಪಾಣಿಯ ನೆತ್ತಿಯ ಮೇಲೇ ಸಾಗುತ್ತದೆ. ವೇದಗಂಗಾ, ದೂಧಗಂಗಾ ದಾಟಿ ಕೊಲ್ಹಾಪುರ ಸೇರುತ್ತದೆ. ಅಂದರೆ ವಿಮಾನಕ್ಕೆ ಎಳೆದ ಗೆರೆಯೂ ಪುಣೆ–ಬೆಂಗಳೂರು ಹೆದ್ದಾರಿಯೂ ಹೆಚ್ಚುಕಮ್ಮಿ ಒಂದರ ಮೇಲೊಂದು ಕೂರುತ್ತವೆ. ಆದ್ದರಿಂದಲೇ ಹೆದ್ದಾರಿಯ ದಾರಿ ನೇರ ದೂರಕ್ಕಿಂತ ಬಹಳ ಹೆಚ್ಚಾಗುವುದಿಲ್ಲ.

ಈ ಎರಡು ನಿಲ್ದಾಣಗಳ ನಡುವೆ ಒಂದು ವಿಮಾನ ಹಾರಿದರೆ ಎಷ್ಟು ಹೊತ್ತು ಬೇಕು? ಸಣ್ಣ ಊರುಗಳಿಗೆ ಹಾರುವ ಎಟಿಆರ್ ವಿಮಾನದ ವೇಗ ತಾಸಿಗೆ ಸುಮಾರು 500 ಕಿ.ಮೀ. ಬರೀ ಭಾಗಾಕಾರ ಮಾಡಿದರೆ ಉತ್ತರ ಹನ್ನೆರಡು ನಿಮಿಷ. ಆದರೆ ಯಾವ ವಿಮಾನವೂ ಭಾಗಾಕಾರದಂತೆ ಹಾರುವುದಿಲ್ಲ.

ಮೊದಲ ತೊಡಕು ರನ್‌ವೇಯ ದಿಕ್ಕು. ಸಾಂಬ್ರಾದ ರನ್‌ವೇಗೆ 08/26, ಉಜಳಾಯಿವಾಡಿಯದಕ್ಕೆ 07/25 ಎಂಬ ಅಂಕಿಗಳಿವೆ. ಇವು ದಿಕ್ಸೂಚಿಯ ಅಂಕಿಗಳು. ಹಿಂದೆ ಒಂದು ಸೊನ್ನೆ ಸೇರಿಸಿದರೆ ಡಿಗ್ರಿ ಸಿಗುತ್ತದೆ. ಎರಡೂ ರನ್‌ವೇಗಳು ಪೂರ್ವ–ಪಶ್ಚಿಮವಾಗಿ ಮಲಗಿವೆ. ಹೋಗಬೇಕಾದದ್ದು ಮಾತ್ರ ಉತ್ತರಕ್ಕೆ, ಸ್ವಲ್ಪ ಪಶ್ಚಿಮಕ್ಕೆ ವಾಲಿ. ಮಳೆಗಾಲದ ಪಡುವಣ ಗಾಳಿಯಲ್ಲಿ ವಿಮಾನ ಗಾಳಿಗೆ ಎದುರಾಗಿ ಪಶ್ಚಿಮಕ್ಕೆ ನೆಗೆಯಬೇಕು, ಆಮೇಲೆ ಉತ್ತರಕ್ಕೆ ತಿರುಗಬೇಕು, ಕೊನೆಯಲ್ಲಿ ಪೂರ್ವದ ಕಡೆಯಿಂದ ಬಳಸಿ ಬಂದು ಮತ್ತೆ ಪಶ್ಚಿಮಕ್ಕೆ ಮುಖಮಾಡಿ ಇಳಿಯಬೇಕು. ಈ ಸುತ್ತುಗಳಲ್ಲೇ ಸಾಕಷ್ಟು ಕಿಲೋಮೀಟರ್ ಸೇರಿಕೊಳ್ಳುತ್ತವೆ.

ಎರಡನೆಯದು ಏರಿಳಿತ. ಸಾವಿರ ಅಡಿ ಇಳಿಯಲು ಸುಮಾರು ಮೂರು ನಾಟಿಕಲ್ ಮೈಲು ಬೇಕೆಂಬುದು ಪೈಲಟ್‌ಗಳ ಸಾಮಾನ್ಯ ಲೆಕ್ಕ. ನೆಲದಿಂದ ಆರು ಸಾವಿರ ಅಡಿ ಮೇಲೇರಿದರೂ ಇಳಿಯುವುದಕ್ಕೇ 18 ಮೈಲು ಹೋಗುತ್ತದೆ. ಏರುವುದಕ್ಕೂ ಹೆಚ್ಚುಕಮ್ಮಿ ಅಷ್ಟೇ. ನೆಟ್ಟಗೆ ಹಾರಲು ಉಳಿಯುವುದು ಸಂಕೇಶ್ವರದ ಆಚೀಚೆಯ ನಾಲ್ಕಾರು ನಿಮಿಷ. ರನ್‌ವೇವರೆಗೆ ಉರುಳುವುದು, ಇಳಿದ ಮೇಲೆ ಟರ್ಮಿನಲ್‌ಗೆ ಬರುವುದು ಎಲ್ಲ ಕೂಡಿಸಿದರೆ ಅರ್ಧ ತಾಸಿನ ಪ್ರಯಾಣ.

ಅದಕ್ಕೂ ಮೊದಲು ನಿಲ್ದಾಣದಲ್ಲಿ ಕಾಯುವ ಹೊತ್ತು. ಹಾರಾಟಕ್ಕೆ ಒಂದು ತಾಸು ಮುಂಚೆ ಕೌಂಟರ್ ಮುಚ್ಚುತ್ತದೆ. ಜನ ಅದಕ್ಕೂ ಅರ್ಧ ತಾಸು ಮೊದಲೇ ಹೋಗಿ ಕೂರುತ್ತಾರೆ. ಇಳಿದ ಮೇಲೆ ಬ್ಯಾಗಿಗೆ ಕಾಯಬೇಕು. ಒಟ್ಟು ಎರಡು ತಾಸು ದಾಟುತ್ತದೆ. ಅಷ್ಟರಲ್ಲಿ ಹೆದ್ದಾರಿಯ ಕಾರು ನಿಪ್ಪಾಣಿಯಲ್ಲಿ ಚಹಾ ಕುಡಿದು ಕೊಲ್ಹಾಪುರ ಮುಟ್ಟಿರುತ್ತದೆ. ಈ ಎರಡು ನಿಲ್ದಾಣಗಳ ನಡುವೆ ದಿನನಿತ್ಯದ ವಿಮಾನ ಬೇಕಾಗಿಲ್ಲ ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಚೌಕಟ್ಟು: ಉತ್ತರ ಕರ್ನಾಟಕದ ಜೋಡಿಗಳು
*ರನ್‌ವೇಯಿಂದ ರನ್‌ವೇಗೆ ನೇರ ಗೆರೆಯಲ್ಲಿ, ಅಂದಾಜು*
ಬೆಳಗಾವಿ – ಹುಬ್ಬಳ್ಳಿ: 75 ಕಿ.ಮೀ.
ಕಲಬುರಗಿ – ಬೀದರ್: 87 ಕಿ.ಮೀ.
ಬೆಳಗಾವಿ – ಕೊಲ್ಹಾಪುರ: 96 ಕಿ.ಮೀ.
ಬೆಳಗಾವಿ – ಬೆಂಗಳೂರು: 445 ಕಿ.ಮೀ.
ಕೊಲ್ಹಾಪುರ – ಬೆಂಗಳೂರು: 530 ಕಿ.ಮೀ.

ಮಹಾರಾಜರ ಪಟ್ಟಿ, ಯುದ್ಧದ ಪಟ್ಟಿ

ಎರಡೂ ನಿಲ್ದಾಣಗಳು ಹಳೆಯವು. ಎರಡೂ ನಮ್ಮ ಪ್ರಯಾಣಿಕರಿಗಾಗಿ ಹುಟ್ಟಿದವಲ್ಲ.

ಕೊಲ್ಹಾಪುರದ ವಿಮಾನ ನಿಲ್ದಾಣ ಛತ್ರಪತಿ ರಾಜಾರಾಮ ಮಹಾರಾಜರ ಕಾಲದ್ದು. 1939ರ ಜನವರಿಯಲ್ಲಿ ಅಲ್ಲಿಂದ ವಿಮಾನ ಸೇವೆ ಶುರುವಾಯಿತು. ಆಗ ರಾಯಬಾಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಚಿಕ್ಕೋಡಿ, ಅಥಣಿ ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿದ್ದವು. ಹೀಗಾಗಿ ಅಂದಿನ ರಾಯಬಾಗದವರ ಪಾಲಿಗೆ ಕೊಲ್ಹಾಪುರದ್ದು ತಮ್ಮದೇ ದೊರೆಯ ವಿಮಾನ ನಿಲ್ದಾಣ.

ಸಾಂಬ್ರಾ ಹುಟ್ಟಿದ್ದು ಮೂರು ವರ್ಷ ತಡವಾಗಿ, 1942ರಲ್ಲಿ. ಎರಡನೇ ಮಹಾಯುದ್ಧ ಬರ್ಮಾದ ಗಡಿಗೆ ಬಂದಿತ್ತು. ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ತನ್ನ ತರಬೇತಿಗಾಗಿ ಇಲ್ಲಿ ರನ್‌ವೇ ಹಾಸಿತು. ಸಾಂಬ್ರಾದಲ್ಲಿ ಇಂದಿಗೂ ವಾಯುಪಡೆಯ ತರಬೇತಿ ಶಾಲೆಯಿದೆ.

ಆಮೇಲೆ 1956ರ ನವೆಂಬರ್ 1. ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಎರಡು ರನ್‌ವೇಗಳ ನಡುವೆ ರಾಜ್ಯದ ಗಡಿ ಬಿತ್ತು. ಐದು ತಾಲ್ಲೂಕುಗಳ ಕಚೇರಿ, ಕೋರ್ಟು, ಶಾಲೆಯ ವ್ಯವಹಾರ ಬೆಳಗಾವಿಯತ್ತ, ಧಾರವಾಡದತ್ತ ತಿರುಗಿತು. ಆಸ್ಪತ್ರೆ, ಬಾಜಾರು, ಬೀಗಸ್ತನ ಮಾತ್ರ ಹಳೆಯ ದಾರಿಯಲ್ಲೇ ಉಳಿದವು. ಕಾಗವಾಡದವರಿಗೆ ಇಂದಿಗೂ ಕೈಗೆಟಕುವ ದೊಡ್ಡ ದವಾಖಾನೆ ಮಿರಜದ್ದು.

ಇತ್ತೀಚಿನ ಚರಿತ್ರೆಯೂ ಏರುಪೇರಿನದೇ. ಕೊಲ್ಹಾಪುರಕ್ಕೆ ಬರುತ್ತಿದ್ದ ವಿಮಾನ 2011ರಲ್ಲಿ ನಿಂತುಹೋಗಿ, ಹಲವು ವರ್ಷ ರನ್‌ವೇ ಬಣಗುಟ್ಟಿತು. ಸಣ್ಣ ಊರುಗಳಿಗೆ ವಿಮಾನ ಒಯ್ಯುವ ಉಡಾನ್ ಯೋಜನೆಯ ಮೊದಲ ಹಾರಾಟ ನಡೆದದ್ದು 2017ರ ಏಪ್ರಿಲ್ 27ರಂದು, ಶಿಮ್ಲಾದಿಂದ ದೆಹಲಿಗೆ. ಆ ಯೋಜನೆಯಡಿ ಮುಂದೆ ಕೊಲ್ಹಾಪುರಕ್ಕೂ ವಿಮಾನ ಮರಳಿತು. 2017ರ ಸೆಪ್ಟೆಂಬರಿನಲ್ಲಿ ಸಾಂಬ್ರಾದಲ್ಲಿ ಹೊಸ ಟರ್ಮಿನಲ್ ಉದ್ಘಾಟನೆಯಾಗಿತ್ತು; ರನ್‌ವೇ 1,830 ಮೀಟರಿನಿಂದ 2,300 ಮೀಟರಿಗೆ ಬೆಳೆದಿತ್ತು. ಎಲ್ಲ ಸಿದ್ಧವಾದ ಮೇಲೆ, 2018ರ ಮೇ ತಿಂಗಳಲ್ಲಿ, ಉಡಾನ್ ಸೌಲಭ್ಯ ಸಿಕ್ಕ ಹುಬ್ಬಳ್ಳಿಗೆ ಬೆಳಗಾವಿಯ ವಿಮಾನಗಳು ಸ್ಥಳಾಂತರಗೊಂಡವು. ಬೆಳಗಾವಿಯವರು ಪಟ್ಟುಬಿಡದೆ ಕೇಳಿದರು. 2019ರಲ್ಲಿ ಬೆಳಗಾವಿಯೂ ಉಡಾನ್ ಪಟ್ಟಿಗೆ ಸೇರಿತು.

2024ರ ಮಾರ್ಚ್ 10ರಂದು ಎರಡೂ ನಿಲ್ದಾಣಗಳ ಹೆಸರು ಒಂದೇ ಸಮಾರಂಭದಲ್ಲಿ ಕೇಳಿಬಂದವು. ಪ್ರಧಾನಿ ನರೇಂದ್ರ ಮೋದಿ ಅಂದು ಕೊಲ್ಹಾಪುರದ ಹೊಸ ಟರ್ಮಿನಲ್ ಉದ್ಘಾಟಿಸಿದರು, ಬೆಳಗಾವಿಯ ಇನ್ನೊಂದು ಹೊಸ ಟರ್ಮಿನಲ್‌ಗೆ ಅಡಿಗಲ್ಲು ಹಾಕಿದರು. ಕಟ್ಟಡಗಳ ವಿಷಯದಲ್ಲಿ ಎರಡೂ ಊರಿನವರು ಕೊರಗುವ ಕಾಲ ಮುಗಿದಿದೆ. ಕೊರಗು ಉಳಿದಿರುವುದು ನಡುವಿನ ತಾಲ್ಲೂಕುಗಳಿಗೆ.

ಐದಕ್ಕೆ ಐದೂ ಆ ಕಡೆ

ಈಗ ನಕ್ಷೆಯ ಮೇಲೆ ಇನ್ನೂ ಹತ್ತು ಗೆರೆ ಎಳೆಯೋಣ. ಪ್ರತಿ ತಾಲ್ಲೂಕು ಕೇಂದ್ರದಿಂದ ಸಾಂಬ್ರಾಕ್ಕೆ ಒಂದು, ಉಜಳಾಯಿವಾಡಿಗೆ ಒಂದು.

ಚೌಕಟ್ಟು: ಯಾವ ಊರಿಗೆ ಯಾವುದು ಹತ್ತಿರ?
*ನೇರ ಗೆರೆಯಲ್ಲಿ, ಅಂದಾಜು*
ನಿಪ್ಪಾಣಿ: ಕೊಲ್ಹಾಪುರ 31 ಕಿ.ಮೀ., ಸಾಂಬ್ರಾ 65 ಕಿ.ಮೀ.
ಚಿಕ್ಕೋಡಿ: ಕೊಲ್ಹಾಪುರ 42 ಕಿ.ಮೀ., ಸಾಂಬ್ರಾ 64 ಕಿ.ಮೀ.
ಕಾಗವಾಡ: ಕೊಲ್ಹಾಪುರ 47 ಕಿ.ಮೀ., ಸಾಂಬ್ರಾ 93 ಕಿ.ಮೀ.
ರಾಯಬಾಗ: ಕೊಲ್ಹಾಪುರ 56 ಕಿ.ಮೀ., ಸಾಂಬ್ರಾ 72 ಕಿ.ಮೀ.
ಅಥಣಿ: ಕೊಲ್ಹಾಪುರ 82 ಕಿ.ಮೀ., ಸಾಂಬ್ರಾ 107 ಕಿ.ಮೀ.

ಐದೂ ತಾಲ್ಲೂಕು ಕೇಂದ್ರಗಳಿಗೆ ನೇರ ಗೆರೆಯಲ್ಲಿ ಹತ್ತಿರವಿರುವುದು ಪಕ್ಕದ ರಾಜ್ಯದ ನಿಲ್ದಾಣ. ನಿಪ್ಪಾಣಿಗಂತೂ ಸಾಂಬ್ರಾದ ಅರ್ಧಕ್ಕೂ ಕಡಿಮೆ ದೂರ. ಬೆಳಗಾವಿ ಜಿಲ್ಲೆಯ ನಕ್ಷೆ ಎಷ್ಟು ಉದ್ದವಾಗಿ ಉತ್ತರಕ್ಕೆ ಚಾಚಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಡ.

ಆದರೂ ಸಾಂಬ್ರಾಕ್ಕೆ ಹೋಗುವವರು ಕಡಿಮೆಯಿಲ್ಲ. ಕಾರಣಗಳೂ ಸರಿಯಾದವೇ. ಬೆಳಗಾವಿಯಲ್ಲಿ ಕಚೇರಿಯ ಕೆಲಸ ಇರುತ್ತದೆ. ನೆಂಟರ ಮನೆಯಲ್ಲಿ ರಾತ್ರಿ ಉಳಿಯಬಹುದು. ವಿಮಾನದ ವೇಳೆ ಹೊಂದಬಹುದು. ರಾಯಬಾಗ, ಚಿಕ್ಕೋಡಿಯವರಿಗೆ ಎರಡರ ನಡುವಿನ ಅಂತರವೂ ದೊಡ್ಡದಲ್ಲ. ಟಿಕೆಟ್ ದರ ಸೋವಿಯಿದ್ದ ಕಡೆ ಹೋಗುವುದು ಅವರಿಗೆ ಜಾಣತನ.

ಕಾಗವಾಡ, ಅಥಣಿಯ ಲೆಕ್ಕ ಬೇರೆ. ಅಲ್ಲಿ ಒಂದು ತಪ್ಪು ಕಲ್ಪನೆ ಬೇರೂರಿದೆ. ಕೊಲ್ಹಾಪುರ ಇನ್ನೂ ಉತ್ತರಕ್ಕಿದೆ, ಬೆಂಗಳೂರಿಗೆ ಇನ್ನೂ ದೂರ, ಹಾಗಾಗಿ ಅಲ್ಲಿಂದ ಹಾರುವುದು ಸುತ್ತುದಾರಿ ಎಂದು ಹಲವರು ನಂಬಿದ್ದಾರೆ. ದೂರ ಹೌದು, ಸುಮಾರು 85 ಕಿ.ಮೀ. ಹೆಚ್ಚು. ಆದರೆ ಆ ದೂರವನ್ನು ಎಟಿಆರ್ ಹತ್ತು ನಿಮಿಷದಲ್ಲಿ ದಾಟುತ್ತದೆ. ಜೆಟ್ ಆದರೆ ಇನ್ನೂ ಬೇಗ. ಅದೇ ಕಾಗವಾಡದಿಂದ ಸಾಂಬ್ರಾಕ್ಕೂ ಉಜಳಾಯಿವಾಡಿಗೂ ಇರುವ 46 ಕಿ.ಮೀ. ವ್ಯತ್ಯಾಸ ನೆಲದ ಮೇಲೆ ಒಂದು ತಾಸು ತಿನ್ನುತ್ತದೆ. ಹಂಗಾಮಿನಲ್ಲಿ ಇನ್ನೂ ಹೆಚ್ಚು.

ಇದೇ ನನ್ನ ಮುಖ್ಯ ಮಾತು. ಈ ಭಾಗದ ವಿಮಾನ ಪ್ರಯಾಣದಲ್ಲಿ ಆಕಾಶದ ದೂರ ಲೆಕ್ಕಕ್ಕೇ ಬರುವುದಿಲ್ಲ. ಬೆಂಗಳೂರಿಗೆ ಹಾರುವುದು ಒಂದು, ಒಂದೂಕಾಲು ತಾಸು. ಅಥಣಿಯಿಂದ ಬೆಳಗಾವಿಗೆ ರಸ್ತೆಯಲ್ಲಿ ಸುಮಾರು 140 ಕಿ.ಮೀ. ಅಥಣಿಯ ಚಪ್ಪಲಿ ವ್ಯಾಪಾರಿ ಬೆಂಗಳೂರಿನ ಮೇಳಕ್ಕೆ ಹೊರಟರೆ ಅವರ ಪ್ರಯಾಣದ ಬಹುಪಾಲು ಹೊತ್ತು ಬೆಳಗಾವಿ ಜಿಲ್ಲೆಯೊಳಗೇ ಮುಗಿಯುತ್ತದೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೂ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೂ ಸಮಪಾಲು ಬಂತು. ಗಡಿ ದಾಟಿ ಒಂದೇ ಹೆಸರು ಹಂಚಿಕೊಂಡ ಆ ಎಂಟು ಜಿಲ್ಲೆಗಳು ದಾರಿಗಳನ್ನೂ ಹಾಗೇ ಹಂಚಿಕೊಳ್ಳಲು ಅಡ್ಡಿಯೇನಿದೆ?

ಉತ್ತರ ತುದಿಯ ಪಾಠ

ಹತ್ತಿರದ ಎರಡು ನಿಲ್ದಾಣಗಳ ನಡುವೆ ವಿಮಾನ ಹಾರುವುದೇ ಇಲ್ಲವೇ? ಹಾರುತ್ತದೆ. ನೋಡಬೇಕೆಂದರೆ ಭೂಮಿಯ ಉತ್ತರಕ್ಕೆ ಹೋಗಬೇಕು.

ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ದ್ವೀಪಗಳಿವೆ. ಅಲ್ಲಿ ವೆಸ್ಟ್ರೇ ಎಂಬ ದ್ವೀಪದಿಂದ ಪಾಪಾ ವೆಸ್ಟ್ರೇ ಎಂಬ ಪುಟ್ಟ ದ್ವೀಪಕ್ಕೆ 1967ರಿಂದ ವಿಮಾನ ಓಡುತ್ತಿದೆ. ದೂರ 2.7 ಕಿ.ಮೀ. ಹಾರಾಟದ ಹೊತ್ತು ಎರಡು ನಿಮಿಷದ ಒಳಗೆ. ಗಾಳಿ ಒಲಿದ ಒಂದು ದಿನ 53 ಸೆಕೆಂಡಿನಲ್ಲಿ ಮುಗಿದ ದಾಖಲೆಯಿದೆ. ಜಗತ್ತಿನ ಅತಿ ಚಿಕ್ಕ ನಿಗದಿತ ವಿಮಾನ ಪ್ರಯಾಣ ಅದು. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ಒಂದು ರನ್‌ವೇ 4,000 ಮೀಟರ್ ಉದ್ದವಿದೆ. ಆರ್ಕ್ನಿಯ ಆ ಇಡೀ ಪ್ರಯಾಣ ಬೆಂಗಳೂರಿನ ಒಂದು ರನ್‌ವೇಯೊಳಗೆ ಮುಗಿದು ಇನ್ನೂ ಜಾಗ ಉಳಿಯುತ್ತದೆ.

ಶಿಕ್ಷಕರು, ವೈದ್ಯರು, ರೋಗಿಗಳು ಅದರಲ್ಲಿ ಓಡಾಡುತ್ತಾರೆ. ನಡುವೆ ಒರಟು ಕಡಲಿದೆ; ಸೇತುವೆಯಿಲ್ಲ.

ನಾರ್ವೆಯ ಉತ್ತರ ತುದಿಯ ಬೆರ್ಲೆವೋಗ್ ಮತ್ತು ಬೋಟ್ಸ್‌ಫ್ಯೋರ್ಡ್ ಮೀನುಗಾರರ ಊರುಗಳು. ಎರಡರ ನಿಲ್ದಾಣಗಳ ನಡುವೆ ನೇರ ದೂರ ಸುಮಾರು 39 ಕಿ.ಮೀ. ಅಂದರೆ ಚಿಕ್ಕೋಡಿಯಿಂದ ಕೊಲ್ಹಾಪುರದಷ್ಟು. ಹಾರಾಟ ಕಾಲು ತಾಸಿನದು. ರನ್‌ವೇ ಸಾಂಬ್ರಾದ್ದಕ್ಕಿಂತ ಬಹಳ ಚಿಕ್ಕದು. ಚಳಿಗಾಲದ ಹಿಮಗಾಳಿಗೆ ಗುಡ್ಡದ ರಸ್ತೆ ಮುಚ್ಚುತ್ತದೆ. ಅದಕ್ಕಾಗಿ ಸರ್ಕಾರವೇ ಹಣ ಕೊಟ್ಟು ವಿಮಾನ ಓಡಿಸುತ್ತದೆ. ಕೆನಡಾದ ನುನಾವುತ್ ಪ್ರದೇಶದಲ್ಲಿ 25 ಊರುಗಳಿವೆ; ಒಂದರಿಂದ ಇನ್ನೊಂದಕ್ಕೆ ರಸ್ತೆಯೇ ಇಲ್ಲ. ಅಲ್ಲಿ ಊರಿಗೆ ಹಾಲು, ಔಷಧಿ, ಡಾಕ್ಟರು ಬರುವುದೂ ವಿಮಾನದಲ್ಲಿ.

ನಮ್ಮ ಉಡಾನ್ ಯೋಜನೆಯೂ ಇದೇ ತತ್ವವನ್ನು ಒಪ್ಪಿತ್ತು. ಮೊದಲ ನಿಯಮಾವಳಿಯಲ್ಲಿ ನೆರವು ಸಿಗುತ್ತಿದ್ದದ್ದು 200ರಿಂದ 800 ಕಿ.ಮೀ. ಅಂತರದ ಮಾರ್ಗಗಳಿಗೆ. ಗುಡ್ಡಗಾಡು, ದ್ವೀಪ, ದುರ್ಗಮ ಪ್ರದೇಶಗಳಿಗೆ ಮಾತ್ರ ಆ ಕನಿಷ್ಠ ಮಿತಿ ಇರಲಿಲ್ಲ. ಒಂದು ತಾಸಿನ ಹಾರಾಟಕ್ಕೆ 2,500 ರೂಪಾಯಿ ಎಂಬ ಮಿತಿ, ವಿಮಾನದ ಒಂದಷ್ಟು ಸೀಟುಗಳಿಗೆ. ಸಾಂಬ್ರಾ–ಉಜಳಾಯಿವಾಡಿಯ 96 ಕಿ.ಮೀ. ಆ ಲೆಕ್ಕದಲ್ಲಿ ಬರುವುದೇ ಇಲ್ಲ. ಬಾರದಿರುವುದೇ ಸರಿ. ನೆಲದ ದಾರಿ ಇಲ್ಲದ ಕಡೆ ಆಕಾಶದ ದಾರಿಗೆ ದುಡ್ಡು ಸುರಿಯಬೇಕು. ದಾರಿ ಇರುವ ಕಡೆ ಆ ದಾರಿಯನ್ನೇ ಹಸನಾಗಿಡಬೇಕು.

ಚೌಕಟ್ಟು: ದಾರ ಎಳೆದು ನೋಡಿ
96 ಕಿ.ಮೀ.ಗೆ ಭೂಮಿ ದುಂಡಗಿರುವುದು ಗೊತ್ತೇ ಆಗುವುದಿಲ್ಲ. ದೂರ ಹೆಚ್ಚಿದಾಗ ಆಟ ಬದಲಾಗುತ್ತದೆ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನ ಬಂದಾಗ, ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಅದನ್ನು ಉತ್ತರ ಧ್ರುವದ ಮೇಲೆ ಹಾರಿಸಿ ತಂದಿತು. ದೂರ ಸುಮಾರು 14,000 ಕಿ.ಮೀ. ಗೋಡೆಯ ನಕ್ಷೆಯಲ್ಲಿ ಇದು ಸುತ್ತುದಾರಿಯಂತೆ ಕಾಣುತ್ತದೆ. ಮಕ್ಕಳ ಗ್ಲೋಬಿನ ಮೇಲೆ ಎರಡು ಊರುಗಳ ನಡುವೆ ದಾರ ಬಿಗಿಯಾಗಿ ಎಳೆಯಿರಿ; ದಾರ ತಾನಾಗಿ ಉತ್ತರಕ್ಕೆ ಏರುತ್ತದೆ.

ನೀರು ಬಂದ ದಿನ

ನಮ್ಮಲ್ಲೂ ನೆಲದ ದಾರಿ ಕಾಣೆಯಾಗುವ ದಿನಗಳಿವೆ. ಜುಲೈ, ಆಗಸ್ಟ್‌ನಲ್ಲಿ ಸಹ್ಯಾದ್ರಿಯ ಮೇಲೆ ಮಳೆ ಜೋರಾದರೆ ಚಿಕ್ಕೋಡಿ, ನಿಪ್ಪಾಣಿ ಭಾಗದ ಕೆಳಮಟ್ಟದ ಸೇತುವೆಗಳು ಒಂದೊಂದಾಗಿ ಮುಳುಗುತ್ತವೆ. ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ, ಕಾರದಗಾ–ಭೋಜ, ಜತ್ರಾಟ–ಭೀವಶಿ: ಮಳೆಗಾಲದ ಸುದ್ದಿಯಲ್ಲಿ ಈ ಜೋಡಿ ಹೆಸರುಗಳು ಪ್ರತಿ ವರ್ಷ ಬರುತ್ತವೆ. ಆಗ ಹತ್ತು ಕಿ.ಮೀ. ದಾರಿ ನಲವತ್ತಾಗುತ್ತದೆ.

2019ರ ಆಗಸ್ಟ್ ಇನ್ನೂ ಯಾರಿಗೂ ಮರೆತಿಲ್ಲ. ನಿಪ್ಪಾಣಿ ಬಳಿಯ ಯಮಗರ್ಣಿಯಲ್ಲಿ ವೇದಗಂಗಾ ಹೆದ್ದಾರಿಯ ಮೇಲೆ ಬಂತು. ಕೊಲ್ಹಾಪುರದ ಬಳಿ ಶಿರೋಳಿಯಲ್ಲಿ ಪಂಚಗಂಗಾ ಅದೇ ಹೆದ್ದಾರಿಯನ್ನು ನುಂಗಿತು. ಪುಣೆ–ಬೆಂಗಳೂರು ಸಂಚಾರ ದಿನಗಟ್ಟಲೆ ನಿಂತು, ಲಾರಿಗಳು ಮೈಲುಗಟ್ಟಲೆ ಸಾಲುಗಟ್ಟಿದವು. ಕೃಷ್ಣೆಯ ದಂಡೆಯ ಹಳ್ಳಿಗಳಿಗೆ ದೋಣಿ, ಹೆಲಿಕಾಪ್ಟರ್ ಬರಬೇಕಾಯಿತು. ಎರಡು ವರ್ಷದ ಮೇಲೆ, 2021ರ ಜುಲೈನಲ್ಲಿ, ಮತ್ತೆ ನೀರು ಬಂತು.

ಅಂಥ ವಾರದಲ್ಲಿ ಮಾತ್ರ ಸಾಂಬ್ರಾ–ಉಜಳಾಯಿವಾಡಿ ನಡುವಿನ ಅರ್ಧ ತಾಸಿನ ಹಾರಾಟಕ್ಕೆ ನಿಜವಾದ ಬೆಲೆ ಬರುತ್ತದೆ. ಎರಡೂ ನಿಲ್ದಾಣಗಳು ಎತ್ತರದಲ್ಲಿವೆ: ಸಾಂಬ್ರಾ ಸಮುದ್ರಮಟ್ಟದಿಂದ ಸುಮಾರು 750 ಮೀಟರ್, ಉಜಳಾಯಿವಾಡಿ ಸುಮಾರು 600 ಮೀಟರ್. ಎರಡೂ ರಾಜ್ಯದ ಜಿಲ್ಲಾಡಳಿತಗಳು ಕೂಡಿ ಮಳೆಗಾಲಕ್ಕೆ ಮೊದಲೇ ಒಂದು ಯೋಜನೆ ಮಾಡಿಟ್ಟುಕೊಳ್ಳಬೇಕು. ಯಾವ ತಾಲ್ಲೂಕಿನ ರೋಗಿಯನ್ನು ಯಾವ ಹೆಲಿಪ್ಯಾಡಿನಿಂದ ಎತ್ತಬೇಕು, ಎಲ್ಲಿಗೆ ಒಯ್ಯಬೇಕು ಎಂಬುದು ನೀರು ಏರಿದ ಮೇಲೆ ಯೋಚಿಸುವ ವಿಷಯವಲ್ಲ. ನದಿಗೆ ರಾಜ್ಯದ ಗಡಿ ಗೊತ್ತಿಲ್ಲ ಎಂಬುದನ್ನು ಮಹಾರಾಷ್ಟ್ರದಲ್ಲಿ ಕೃಷ್ಣೆಗೆ ಕಟ್ಟಿದ ರಾಜಾಪುರ ಬ್ಯಾರೇಜಿನ ಕೆಳಗಿನವರು ಚೆನ್ನಾಗಿ ಬಲ್ಲರು.

ಬೇಕಾದದ್ದು ಬಸ್ಸು

ಹಾಗಾದರೆ ವರ್ಷದ ಉಳಿದ ದಿನಗಳಿಗೆ ಏನು ಬೇಕು? ಹೊಸ ವಿಮಾನ ನಿಲ್ದಾಣ ಕೇಳುವುದು ನಮ್ಮ ರಾಜಕೀಯದಲ್ಲಿ ಸುಲಭದ ಕೆಲಸ. ಚಿಕ್ಕೋಡಿ ಜಿಲ್ಲೆಯಾಗಬೇಕೆಂಬ ಬೇಡಿಕೆ ಹಳೆಯದು, ನ್ಯಾಯವಾದದ್ದು. ನಾಳೆ ಅದರ ಜೊತೆಗೆ ನಿಲ್ದಾಣದ ಬೇಡಿಕೆಯೂ ಸೇರಿಕೊಂಡೀತು. ಆದರೆ ಹೊಸ ನಿಲ್ದಾಣಕ್ಕೆ ಭೂಮಿ ಬೇಕು. ಈ ಭಾಗದಲ್ಲಿ ಭೂಮಿ ಎಂದರೆ ಕಬ್ಬು, ದ್ರಾಕ್ಷಿ, ತಂಬಾಕು, ಅರಿಷಿಣ ಬೆಳೆಯುವ ನೀರಾವರಿ ಹೊಲ. 96 ಕಿ.ಮೀ. ಅಂತರದಲ್ಲಿ ಎರಡು ನಿಲ್ದಾಣ ಇರುವಾಗ ನಡುವೆ ಮೂರನೆಯದಕ್ಕೆ ಅಂಥ ಹೊಲ ಕೊಡಬೇಕೆಂದು ನನಗೆ ಅನಿಸುವುದಿಲ್ಲ. ವಿಜಯಪುರದಿಂದ ವಿಮಾನ ಹಾರತೊಡಗಿದರೆ ಅಥಣಿಯ ಪೂರ್ವದ ಹಳ್ಳಿಗಳಿಗೆ ಅದೇ ಮೂರನೇ ದಾರಿ.

ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಗೆ ಚಿಕ್ಕೋಡಿಯಲ್ಲಿ ಒಂದು ವಿಭಾಗವೇ ಇದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿಯಲ್ಲಿ ಡಿಪೋಗಳಿವೆ. ಕೊಲ್ಹಾಪುರ, ಮಿರಜಕ್ಕೆ ದಿನವೂ ಕೆಂಪು ಬಸ್ಸುಗಳು ಹೋಗುತ್ತವೆ. ನಿಪ್ಪಾಣಿಯಿಂದ ಕೊಲ್ಹಾಪುರಕ್ಕೆ ಹೋಗುವ ಬಸ್ಸು ಸಾಗುವ ಹೆದ್ದಾರಿಯ ಬದಿಯಲ್ಲೇ, ಗೋಕುಳ ಶಿರಗಾಂವ ಕೈಗಾರಿಕಾ ಪ್ರದೇಶದ ಹತ್ತಿರ, ಉಜಳಾಯಿವಾಡಿ ಇದೆ. ಬೆಂಗಳೂರಿನ ನಿಲ್ದಾಣದಿಂದ ಮೈಸೂರಿಗೆ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ವರ್ಷಗಳಿಂದ ಓಡುತ್ತಿದೆ. ಬೆಂಗಳೂರು ನಗರದೊಳಗೆ ವಾಯುವಜ್ರ ಇದೆ. ಅಥಣಿಯ ಪ್ರಯಾಣಿಕರಿಗೂ ಅಂಥದೊಂದು ಬಸ್ಸು ಸಲ್ಲಬೇಕು.

ರೈಲಿನ ದಾರಿಯನ್ನೂ ಮರೆಯಬಾರದು. ಮಿರಜ–ಬೆಳಗಾವಿ ಮಾರ್ಗ ಶೇಡಬಾಳ, ಉಗಾರ ಖುರ್ದ, ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ್ ಮೂಲಕ ಹಾಯುತ್ತದೆ. ಬೆಳಗಾವಿ ಮುಟ್ಟುವ ಮೊದಲು ಅದೇ ಮಾರ್ಗದಲ್ಲಿ ಸಾಂಬ್ರಾ ಹೆಸರಿನ ಪುಟ್ಟ ನಿಲ್ದಾಣವೂ ಬರುತ್ತದೆ. ರೈಲ್ವೆ ಇಲಾಖೆಯೂ ವಿಮಾನ ನಿಲ್ದಾಣ ಪ್ರಾಧಿಕಾರವೂ ಒಮ್ಮೆ ಕೂತು ವೇಳಾಪಟ್ಟಿ ಹೊಂದಿಸಿದರೆ ರಾಯಬಾಗದವರಿಗೆ ಹೆದ್ದಾರಿಯ ಹಂಗೇ ಬೇಕಾಗುವುದಿಲ್ಲ. ಸಾಂಬ್ರಾದಲ್ಲಿ ಒಂದು ಪ್ಯಾಸೆಂಜರ್ ರೈಲಿನ ನಿಲುಗಡೆಗೆ ಹಿಡಿಯುವುದು ಎರಡು ನಿಮಿಷ. ಅದರಿಂದ ಪ್ರಯಾಣಿಕರಿಗೆ ಉಳಿಯುವುದು ತಾಸುಗಟ್ಟಲೆ.

ಕಬ್ಬಿನ ಟ್ರೇಲರ್‌ಗಳಿಗೂ ಒಂದು ಮಾತು. ರೈತರನ್ನಾಗಲಿ ಕಬ್ಬಿನ ಗ್ಯಾಂಗಿನವರನ್ನಾಗಲಿ ದೂರುವುದರಲ್ಲಿ ಅರ್ಥವಿಲ್ಲ. ಈ ನಾಡು ನಿಂತಿರುವುದೇ ಅವರ ದುಡಿಮೆಯ ಮೇಲೆ. ಆದರೆ ಹಿಂಬದಿಗೆ ಬೆಳಕು ಬಿದ್ದರೆ ಮಿನುಗುವ ಪಟ್ಟಿ ಅಂಟಿಸುವುದು, ಕಾರ್ಖಾನೆಯ ಮುಂದೆ ರಸ್ತೆಯ ಮೇಲೆ ಸಾಲು ನಿಲ್ಲದಂತೆ ಅಂಗಳ ಒದಗಿಸುವುದು ಕಾರ್ಖಾನೆಗಳ ಹೊಣೆ. ಕತ್ತಲಲ್ಲಿ ನಿಂತ ಟ್ರೇಲರಿಗೆ ಬೈಕು ಗುದ್ದಿ ಸತ್ತವರ ಸುದ್ದಿ ಹಂಗಾಮಿನ ಪುಟಗಳಲ್ಲಿ ಬರುತ್ತಲೇ ಇರುತ್ತದೆ. ವಿಮಾನ ತಪ್ಪುವುದಕ್ಕಿಂತ ಅದು ಎಷ್ಟೋ ದೊಡ್ಡ ನಷ್ಟ.

ಓದುಗರಿಗೆ ಒಂದು ಸಲಹೆ. ಮುಂದಿನ ಸಲ ಟಿಕೆಟ್ ತೆಗೆಸುವಾಗ ಹಾರಾಟದ ಹೊತ್ತನ್ನು ನೋಡುವ ಮೊದಲು ನಿಮ್ಮ ಮನೆಯ ಬಾಗಿಲಿನಿಂದ ಎರಡೂ ನಿಲ್ದಾಣಗಳಿಗೆ ಹಿಡಿಯುವ ತಾಸುಗಳನ್ನು ಒಂದು ಕಾಗದದ ಮೇಲೆ ಬರೆಯಿರಿ. ಹಂಗಾಮಿನ ತಿಂಗಳಾದರೆ ಅದಕ್ಕೆ ಮುಕ್ಕಾಲು ತಾಸು ಕೂಡಿಸಿ, ಮಳೆಗಾಲವಾದರೆ ಸೇತುವೆಯ ಸುದ್ದಿ ಕೇಳಿ. ಕಾಗವಾಡ, ನಿಪ್ಪಾಣಿ, ಅಥಣಿಯವರು ಉಜಳಾಯಿವಾಡಿಯ ವೇಳಾಪಟ್ಟಿಯನ್ನೇ ಮೊದಲು ನೋಡಿ.

ಸಾರಿಗೆ ಸಂಸ್ಥೆಗೂ ಈ ಭಾಗದ ಶಾಸಕರು, ಸಂಸದರಿಗೂ ಒಂದೇ ಕೋರಿಕೆ. ಅಥಣಿಯಿಂದ ಕಾಗವಾಡ, ಮಿರಜ ಮಾರ್ಗವಾಗಿ ಉಜಳಾಯಿವಾಡಿಗೆ ಒಂದು ಬಸ್ಸು, ರಾಯಬಾಗದಿಂದ ಚಿಕ್ಕೋಡಿ, ಸಂಕೇಶ್ವರ ಮಾರ್ಗವಾಗಿ ಸಾಂಬ್ರಾಕ್ಕೆ ಇನ್ನೊಂದು ಬಸ್ಸು, ವಿಮಾನದ ವೇಳೆಗೆ ಸರಿಯಾಗಿ ಓಡಲಿ. ಅಂತರರಾಜ್ಯ ಪರವಾನಗಿಯ ಪತ್ರ ಬೆಳೆಸಲು ಮಾರ್ಚ್ ಕೊನೆಯ ಭಾನುವಾರದವರೆಗೆ ಸಮಯವಿದೆ. ಬೇಸಿಗೆಯ ವಿಮಾನ ವೇಳಾಪಟ್ಟಿ ಶುರುವಾಗುವುದು ಅಂದೇ. ಈ ಬಸ್ಸುಗಳೂ ಅಂದೇ ಹೊರಡಲಿ.